ಆಲೂಗಡ್ಡೆ ಹೊಲದಲ್ಲಿ ಟಿವಿ ಕಂಡ ಹುಡುಗ: ಹಳೇ ವಿಡಿಯೋ ಗೇಮ್‌ನ ಗೆರೆಗಳ ಹಿಂದಿದೆ ಫಾರ್ನ್ಸ್‌ವರ್ತ್ ಬದುಕಿನ ಕಥೆ

ಅಟ್ಟದ ಮೇಲಿದ್ದ ಹಳೇ ವಿಡಿಯೋ ಗೇಮ್ ಇಳಿಸಿ, ಧೂಳು ಒರೆಸಿ, ಗೋಡೆಯ ಮೇಲಿನ ದೊಡ್ಡ ಹೊಸ ಟಿವಿಗೆ ಜೋಡಿಸಿ ನೋಡಿದವರಿಗೆ ಮೊದಲು ಆಗುವುದು ನಿರಾಸೆ. ಚಿಕ್ಕಂದಿನಲ್ಲಿ ಡಬ್ಬದಂಥ ಟಿವಿಯಲ್ಲಿ ಚುರುಕಾಗಿ ಓಡಾಡುತ್ತಿದ್ದ ಮಾರಿಯೋ ಇಲ್ಲಿ ಮಸುಕು ಮಸುಕು. ಬಟನ್ ಒತ್ತಿದರೆ ತಡವಾಗಿ ಜಿಗಿಯುತ್ತಾನೆ, ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಾಗಿರುತ್ತದೆ.

ಕಾರಣ ಸರಳ. ಆ ಕಾಲದ ಗೇಮ್ ಯಂತ್ರಗಳು ಸುಮಾರು 240 ಗೆರೆಗಳ ಚಿತ್ರವನ್ನು ಸೆಕೆಂಡಿಗೆ ಸುಮಾರು 60 ಬಾರಿ (ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ 50 ಬಾರಿ) ಕಳಿಸುತ್ತಿದ್ದವು. ಹಳೇ ಪಿಕ್ಚರ್ ಟ್ಯೂಬ್ ಅದನ್ನು ಬಂದ ಹಾಗೆಯೇ ಗೆರೆ ಗೆರೆಯಾಗಿ ಎಳೆಯುತ್ತಿತ್ತು. ಹೊಸ ಟಿವಿ ಹಾಗಲ್ಲ. ಇದು ದೂರದರ್ಶನದ ಹಳೇ ಪ್ರಸಾರ ಎಂದು ತಪ್ಪು ತಿಳಿದು, ಎರಡೆರಡು ಚಿತ್ರಗಳನ್ನು ಹೆಣೆದು, ಹಿಗ್ಗಿಸಿ, ತಿದ್ದಿ ತೀಡಿ ತೋರಿಸುತ್ತದೆ. ಇದಕ್ಕೆ ಪರಿಹಾರವಾಗಿ ಬಂದಿರುವುದೇ ವಿಡಿಯೋ ಅಪ್‌ಸ್ಕೇಲರ್. ಓಪನ್ ಸೋರ್ಸ್ ಸ್ಕ್ಯಾನ್ ಕನ್ವರ್ಟರ್, ರೆಟ್ರೋಟಿಂಕ್ ಮುಂತಾದ ಪುಟ್ಟ ಪೆಟ್ಟಿಗೆಗಳು ಪ್ರತಿ ಗೆರೆಯನ್ನೂ ಎರಡು, ನಾಲ್ಕು, ಐದು ಪಟ್ಟು ಮಾಡಿ ಎಚ್‌ಡಿಎಂಐ ಮೂಲಕ ಕಳಿಸುತ್ತವೆ. ತಮಾಷೆ ಏನೆಂದರೆ, ಇಷ್ಟೆಲ್ಲ ದುಡ್ಡು ಕೊಟ್ಟು ಚಿತ್ರ ಸ್ವಚ್ಛ ಮಾಡಿಕೊಂಡವರಲ್ಲಿ ಅನೇಕರು ಮಾಡುವ ಮುಂದಿನ ಕೆಲಸ, ಮೆನುಗೆ ಹೋಗಿ ಹಳೇ ಟಿವಿಯ ಕಪ್ಪು ಗೆರೆಗಳನ್ನು ಮತ್ತೆ ಹಾಕಿಕೊಳ್ಳುವುದು!

ಆ ಗೆರೆಗಳಿಗೆ ನೂರು ವರ್ಷದ ಇತಿಹಾಸವಿದೆ. ಅದರಲ್ಲಿ ದೊಡ್ಡ ಪಾಲು ಒಬ್ಬ ರೈತನ ಮಗನದು.

ಫೈಲೋ ಟೇಲರ್ ಫಾರ್ನ್ಸ್‌ವರ್ತ್ ಹುಟ್ಟಿದ್ದು 1906ರ ಆಗಸ್ಟ್ 19ರಂದು, ಅಮೆರಿಕದ ಉಟಾ ರಾಜ್ಯದ ಬೀವರ್ ಬಳಿ, ಅಜ್ಜ ಕಟ್ಟಿದ ಮರದ ದಿಮ್ಮಿಗಳ ಮನೆಯಲ್ಲಿ. 12ರ ವಯಸ್ಸಿನಲ್ಲಿ ಕುಟುಂಬ ಐಡಹೋ ರಾಜ್ಯದ ರಿಗ್ಬಿಗೆ ಹೋಯಿತು. ಆ ಮನೆಯಲ್ಲಿ ಎರಡು ಅದೃಷ್ಟ ಕಾದಿದ್ದವು. ಒಂದು ಕರೆಂಟ್ ಕೊಡುವ ಜನರೇಟರ್, ಇನ್ನೊಂದು ಅಟ್ಟದಲ್ಲಿ ಯಾರೋ ಬಿಟ್ಟುಹೋಗಿದ್ದ ವಿಜ್ಞಾನ ಪತ್ರಿಕೆಗಳ ರಾಶಿ. ಜನರೇಟರ್ ಕೆಟ್ಟಾಗ ರಿಪೇರಿ ಮಾಡಿದ್ದು ಈ ಹುಡುಗನೇ. ಪತ್ರಿಕೆಗಳನ್ನು ಓದಿ ಓದಿ ದೂರದರ್ಶನದ ಕನಸು ಹತ್ತಿತು.

ಆಗ ಟಿವಿ ಎಂದರೆ ತೂತುಗಳಿರುವ ತಗಡಿನ ಚಕ್ರ. ಅದನ್ನು ಗರಗರ ತಿರುಗಿಸಿ ಚಿತ್ರವನ್ನು ಗೆರೆಗಳಾಗಿ ಒಡೆಯಬೇಕಿತ್ತು. ಯಾವ ಚಕ್ರವೂ ಬೇಕಾದಷ್ಟು ವೇಗವಾಗಿ ತಿರುಗಲಾರದು ಎಂಬುದು ಹುಡುಗನಿಗೆ ಹೊಳೆದಿತ್ತು. 14ನೇ ವಯಸ್ಸಿನಲ್ಲಿ ಒಂದು ದಿನ ಕುದುರೆ ಕಟ್ಟಿ ಆಲೂಗಡ್ಡೆ ಹೊಲ ಹರಗುತ್ತಿದ್ದಾಗ ಹಿಂದಿರುಗಿ ನೋಡಿದ. ಸಾಲಿನ ಪಕ್ಕ ಸಾಲು, ಆ ತುದಿಯಿಂದ ಈ ತುದಿಗೆ. ಎಲೆಕ್ಟ್ರಾನ್‌ಗಳಿಂದಲೂ ಚಿತ್ರವನ್ನು ಹೀಗೆಯೇ ಸಾಲು ಸಾಲಾಗಿ ಓದಬಹುದಲ್ಲ ಎನಿಸಿತು. ಗೆರೆಯಾಗಿ ಒಡೆಯುವ ಯೋಚನೆ ಹಳೆಯದು, ಪಿಕ್ಚರ್ ಟ್ಯೂಬ್‌ನ ಮೂಲವೂ ಜರ್ಮನಿಯ ಬ್ರೌನ್ 1897ರಲ್ಲೇ ಮಾಡಿದ್ದು. ಆದರೆ ತಿರುಗುವ ಭಾಗವೇ ಇಲ್ಲದ ಪೂರ್ತಿ ಎಲೆಕ್ಟ್ರಾನಿಕ್ ಟಿವಿಯನ್ನು ಮಾಡಿ ತೋರಿಸಿದವರು ಇರಲಿಲ್ಲ.

1922ರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು ಜಸ್ಟಿನ್ ಟೋಲ್ಮನ್ ಎದುರು ಹುಡುಗ ಕಪ್ಪುಹಲಗೆ ತುಂಬಾ ತನ್ನ ಯಂತ್ರದ ಚಿತ್ರ ಬರೆದ. ಮೇಷ್ಟ್ರಿಗೆ ಎಷ್ಟು ಅರ್ಥವಾಯಿತೋ, ಮರೆಯಂತೂ ಮರೆಯಲಿಲ್ಲ.

ತಂದೆ 1924ರ ಜನವರಿಯಲ್ಲಿ ತೀರಿಕೊಂಡರು. ಓದು ಅರ್ಧಕ್ಕೆ ನಿಂತಿತು. ಸಾಲ್ಟ್ ಲೇಕ್ ಸಿಟಿಯಲ್ಲಿ ಕೆಲಸ ಮಾಡುವಾಗ ಪರಿಚಯವಾದ ಜಾರ್ಜ್ ಎವರ್ಸನ್, ಲೆಸ್ಲಿ ಗೊರೆಲ್ 6,000 ಡಾಲರ್ ಹೂಡಲು ಒಪ್ಪಿದರು. 1926ರ ಮೇ 27ರಂದು ಎಲ್ಮಾ ಗಾರ್ಡ್ನರ್ ಜೊತೆ ಮದುವೆ. ಎಲ್ಲರೂ ಪೆಮ್ ಎಂದೇ ಕರೆಯುತ್ತಿದ್ದ ಈಕೆ ಮುಂದೆ ಪ್ರಯೋಗಾಲಯದ ಕೆಲಸಕ್ಕೂ ಹೆಗಲು ಕೊಟ್ಟರು.

1927ರ ಸೆಪ್ಟೆಂಬರ್ 7. ಸ್ಯಾನ್ ಫ್ರಾನ್ಸಿಸ್ಕೋದ 202, ಗ್ರೀನ್ ಸ್ಟ್ರೀಟ್. ಕಪ್ಪು ಬಳಿದ ಗಾಜಿನ ಮೇಲೆ ಗೀರಿದ ಒಂದೇ ಒಂದು ಗೆರೆಯನ್ನು ಕ್ಯಾಮೆರಾ ಮುಂದೆ ಇಟ್ಟರು. ಬೇರೆ ಕೋಣೆಯ ಪುಟ್ಟ ಪರದೆಯಲ್ಲಿ ಆ ಗೆರೆ ಮೂಡಿತು. ಗಾಜು ತಿರುಗಿಸಿದರೆ ಗೆರೆಯೂ ತಿರುಗಿತು. ಆಗ ಫಾರ್ನ್ಸ್‌ವರ್ತ್ ಅವರಿಗೆ ಬರೀ 21 ವರ್ಷ. ದುಡ್ಡು ಹಾಕಿದವರು ಲಾಭ ಯಾವಾಗ ಎಂದು ಪೀಡಿಸುತ್ತಿದ್ದರಿಂದ ಮರುವರ್ಷ ಪರದೆ ಮೇಲೆ ಡಾಲರ್ ಚಿಹ್ನೆಯನ್ನೇ ತೋರಿಸಿದರು!

ಇಮೇಜ್ ಡಿಸೆಕ್ಟರ್ ಎಂಬ ಆ ಕ್ಯಾಮೆರಾಗೆ ದೊಡ್ಡ ದೋಷವೊಂದಿತ್ತು. ವಿಪರೀತ ಬೆಳಕು ಬೇಕು. 1929ರಲ್ಲಿ ಪೆಮ್ ಮುಖವನ್ನು ಪ್ರಸಾರ ಮಾಡಿದಾಗ ಆ ಬೆಳಕಿಗೆ ಆಕೆ ಕಣ್ಣು ಮುಚ್ಚಿಕೊಂಡೇ ಕೂರಬೇಕಾಯಿತು.

1930ರ ಏಪ್ರಿಲ್‌ನಲ್ಲಿ ವ್ಲಾದಿಮಿರ್ ಜ್ವೊರಿಕಿನ್ ಪ್ರಯೋಗಾಲಯ ನೋಡಲು ಬಂದರು. ಫಾರ್ನ್ಸ್‌ವರ್ತ್ ಏನನ್ನೂ ಮುಚ್ಚಿಡಲಿಲ್ಲ. ಜ್ವೊರಿಕಿನ್ ಹೋಗಿ ಸೇರಿದ್ದು ರೇಡಿಯೋ ಲೋಕದ ದೈತ್ಯ ಆರ್‌ಸಿಎ ಕಂಪನಿಯನ್ನು. ಮರುವರ್ಷ ಆರ್‌ಸಿಎ ಮುಖ್ಯಸ್ಥ ಡೇವಿಡ್ ಸಾರ್ನಾಫ್ 1,00,000 ಡಾಲರ್ ಆಸೆ ತೋರಿಸಿದರು. ಫಾರ್ನ್ಸ್‌ವರ್ತ್ ಒಪ್ಪಲಿಲ್ಲ. ಅಲ್ಲಿಂದ ಪೇಟೆಂಟ್ ಯುದ್ಧ. ಈ ಮಧ್ಯೆ 1932ರಲ್ಲಿ ಪುಟ್ಟ ಮಗ ಕೆನಿ ಗಂಟಲ ಸೋಂಕಿನಿಂದ ತೀರಿಕೊಂಡ. ಮಗುವಿನ ಶವದೊಂದಿಗೆ ಪೆಮ್ ಒಬ್ಬರೇ ರೈಲಿನಲ್ಲಿ ಉಟಾಗೆ ಹೋದರು. ಗಂಡ ಹೆಂಡತಿ ನಡುವೆ ಬಂದ ಮೌನ ಬಹಳ ಕಾಲ ಉಳಿಯಿತು.

1934ರಲ್ಲಿ ಪೇಟೆಂಟ್ ಕಚೇರಿಯ ತೀರ್ಪು ಫಾರ್ನ್ಸ್‌ವರ್ತ್ ಪರ ಬಂತು. ಆ ವಿಚಾರಣೆಯಲ್ಲಿ ಟೋಲ್ಮನ್ ಮೇಷ್ಟ್ರು ಬಂದು, ಹನ್ನೆರಡು ವರ್ಷ ಹಿಂದೆ ವಿದ್ಯಾರ್ಥಿ ಬರೆದಿದ್ದ ಚಿತ್ರದ ಬಗ್ಗೆ ಸಾಕ್ಷಿ ಹೇಳಿದ್ದು ಕಥೆಗಳಲ್ಲಿ ಚೆನ್ನಾಗಿ ಕಾಣುತ್ತದೆ. ನಿಜವಾಗಿ ಪ್ರಕರಣ ತಿರುಗಿದ್ದು ಬೇರೆ ಕಡೆ. ಜ್ವೊರಿಕಿನ್ ತಾವು 1923ರಲ್ಲಿ ಬರೆದುಕೊಟ್ಟ ಯಂತ್ರ ಕೆಲಸ ಮಾಡಿತ್ತು ಎಂದು ಸಾಬೀತು ಮಾಡಲು ಆಗಲಿಲ್ಲ. ಅದೇ ವರ್ಷ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ ಜನಸಾಮಾನ್ಯರು ಸಾಲುಗಟ್ಟಿ ನಿಂತು ಎಲೆಕ್ಟ್ರಾನಿಕ್ ಟಿವಿ ನೋಡಿದರು.

1939ರಲ್ಲಿ ಆರ್‌ಸಿಎ ಮಣಿಯಿತು. ಪೇಟೆಂಟ್ ಪಡೆಯುವ ಕಂಪನಿ ಎನಿಸಿಕೊಂಡಿದ್ದ ಅದು, ಹತ್ತು ವರ್ಷಗಳಲ್ಲಿ 10 ಲಕ್ಷ ಡಾಲರ್ ಕೊಟ್ಟು ಫಾರ್ನ್ಸ್‌ವರ್ತ್ ಪೇಟೆಂಟ್ ಬಳಸಲು ಒಪ್ಪಂದ ಮಾಡಿಕೊಂಡಿತು. ಆದರೆ ಸಮಯ ಕೈಕೊಟ್ಟಿತು. ಮಹಾಯುದ್ಧ ಬಂದು ಟಿವಿ ತಯಾರಿಕೆ ನಿಂತುಹೋಯಿತು. ಯುದ್ಧ ಮುಗಿದು ಮನೆ ಮನೆಗೆ ಟಿವಿ ಬರುವ ಹೊತ್ತಿಗೆ ಮುಖ್ಯ ಪೇಟೆಂಟ್‌ಗಳ ಅವಧಿಯೇ ಮುಗಿಯಿತು. ಜನರ ಮನಸ್ಸಿನಲ್ಲಿ ಟಿವಿ ಎಂದರೆ ಆರ್‌ಸಿಎ. ಫಾರ್ನ್ಸ್‌ವರ್ತ್ ಖಿನ್ನತೆಗೆ ಜಾರಿದರು, ಕುಡಿತ ಹತ್ತಿತು. 1947ರಲ್ಲಿ ಮೇನ್ ರಾಜ್ಯದ ಮನೆ ಸುಟ್ಟುಹೋಯಿತು. ಎರಡು ವರ್ಷಕ್ಕೆ ಕಂಪನಿ ಐಟಿಟಿ ಪಾಲಾಯಿತು.

1957ರಲ್ಲಿ ಅವರು ಟಿವಿ ಕಾರ್ಯಕ್ರಮವೊಂದಕ್ಕೆ ಹೆಸರು ಹೇಳದ ಅತಿಥಿಯಾಗಿ ಹೋದರು. ಇವರ ಗುಟ್ಟೇನು ಎಂದು ನಾಲ್ವರು ಪ್ರಸಿದ್ಧರು ಊಹಿಸಬೇಕು. ಎದುರು ಕೂತವರೇ ಟಿವಿ ಕಂಡುಹಿಡಿದವರು ಎಂದು ಟಿವಿಯಲ್ಲೇ ದುಡಿಯುವ ಒಬ್ಬರಿಗೂ ಹೊಳೆಯಲಿಲ್ಲ. 80 ಡಾಲರ್ ಮತ್ತು ಒಂದು ಕಟ್ಟು ಸಿಗರೇಟ್ ಬಹುಮಾನ ಪಡೆದು ಮನೆಗೆ ಹೋದರು.

ಕೊನೆಯ ವರ್ಷಗಳನ್ನು ಪರಮಾಣು ಸಮ್ಮಿಲನದ ಪ್ರಯೋಗಕ್ಕೆ ಕೊಟ್ಟರು. ಅವರು ಮಾಡಿದ ಫ್ಯೂಸರ್ ಯಂತ್ರವನ್ನು ಹವ್ಯಾಸಿಗಳು ಇಂದಿಗೂ ಮನೆಯಲ್ಲೇ ಕಟ್ಟುತ್ತಾರೆ. ವಿದ್ಯುತ್ ಮಾತ್ರ ಅದರಿಂದ ಬರಲಿಲ್ಲ. ಅದಕ್ಕಾಗಿ ಶುರು ಮಾಡಿದ ಕಂಪನಿಯೂ ಮುಳುಗಿತು. 1971ರ ಮಾರ್ಚ್ 11ರಂದು ನ್ಯುಮೋನಿಯಾದಿಂದ ಸಾಲ್ಟ್ ಲೇಕ್ ಸಿಟಿ ಪ್ರದೇಶದಲ್ಲಿ ತೀರಿಕೊಂಡಾಗ 64 ವರ್ಷ. ಟಿವಿಗೆ ಸಿಕ್ಕಿಸಿ ಆಡುವ ಮೊದಲ ಗೇಮ್ ಯಂತ್ರ ಮ್ಯಾಗ್ನವಾಕ್ಸ್ ಒಡಿಸ್ಸಿ ಮಾರುಕಟ್ಟೆಗೆ ಬಂದದ್ದು ಮರುವರ್ಷ.

ಪೆಮ್ ಸುಮ್ಮನೆ ಕೂರಲಿಲ್ಲ. ಗಂಡನ ಹೆಸರು ಪಠ್ಯದಲ್ಲಿ, ಜನರ ಬಾಯಲ್ಲಿ ಉಳಿಯಬೇಕೆಂದು ಮೂರು ದಶಕ ಓಡಾಡಿದರು, ಅವರ ಬದುಕಿನ ಬಗ್ಗೆ ಪುಸ್ತಕ ಬರೆದರು. 1990ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಫಾರ್ನ್ಸ್‌ವರ್ತ್ ಪ್ರತಿಮೆ ನಿಂತಿತು. ಪೆಮ್ ತೀರಿಕೊಂಡದ್ದು 2006ರಲ್ಲಿ, 98ನೇ ವಯಸ್ಸಿನಲ್ಲಿ.