ಮಾರ್ಚೆಲ್ಲೊ ಮಾಲ್ಪೀಗಿ

ಹೊಂಗೆಯ ಎಲೆಗಳ ಮೇಲೆ ಏಳುವ ಸಣ್ಣ ಗಂಟುಗಳನ್ನು ಕಾಣದವರು ನಮ್ಮಲ್ಲಿ ವಿರಳ. ಕಾರ್ಕಳ, ಕಾಪು ಕಡೆಯ ಬೇಸಾಯಗಾರರಿಗೆ ಭತ್ತದ ಸುಳಿಯು ತೆನೆಯಾಗದೆ, ಈರುಳ್ಳಿಯ ಎಲೆಯಂತೆ ಬಿಳಿಚಿದ ಕೊಳವೆಯಾಗುವ ಪೀಡೆಯೂ ಹೊಸತಲ್ಲ. ಮೊದಲನೆಯದು ಬರಿಗಣ್ಣಿಗೆ ಕಾಣದ ನುಸಿಯ ಕೆಲಸ; ಎರಡನೆಯದು ಸೊಳ್ಳೆಯಂತಹ ಕಣೆನೊಣದ ಕೆಲಸ. ಗಿಡವು ತನ್ನ ಶತ್ರುವಿಗೆ ತಾನೇ ಮನೆ ಕಟ್ಟಿಕೊಡುವ ಈ ವಿಚಿತ್ರದ ಗುಟ್ಟನ್ನು ಸೂಕ್ಷ್ಮದರ್ಶಕವಿಟ್ಟು ಶೋಧಿಸಿದವರಲ್ಲಿ ಮೊದಲಿಗನು ಇಟಲಿಯ ವೈದ್ಯ ಮಾರ್ಚೆಲ್ಲೊ ಮಾಲ್ಪೀಗಿ.

ಆತನು 1628ರಲ್ಲಿ ಬೊಲೋನ್ಯಾ ನಗರದ ಸಮೀಪದ ಕ್ರೆವಾಲ್ಕೋರೆಯಲ್ಲಿ ಜನಿಸಿದನು. ವಿದ್ಯಾರ್ಥಿಯಾಗಿದ್ದಾಗಲೇ, 1649ರಲ್ಲಿ, ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡನು. ದುಃಖವನ್ನೂ ಮನೆಯ ಹೊಣೆಯನ್ನೂ ಹೊತ್ತುಕೊಂಡೇ ಓದನ್ನು ಮುಂದುವರಿಸಿ, 1653ರಲ್ಲಿ ವೈದ್ಯಪದವಿಯನ್ನು ಪಡೆದನು.

ಆತನು ಹುಟ್ಟಿದ ವರ್ಷವೇ ಇಂಗ್ಲೆಂಡಿನ ಹಾರ್ವೆಯು ರಕ್ತಪರಿಚಲನೆಯ ಗ್ರಂಥವನ್ನು ಪ್ರಕಟಿಸಿದ್ದನು. ಆದರೆ ರಕ್ತವು ಶುದ್ಧನಾಳಗಳಿಂದ ಮಲಿನನಾಳಗಳಿಗೆ ಹೇಗೆ ದಾಟುವುದೆಂಬುದು ಹಾರ್ವೆಗೆ ಕಂಡಿರಲಿಲ್ಲ. 1661ರಲ್ಲಿ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶದಲ್ಲಿ ಕೂದಲಿಗಿಂತ ಸೂಕ್ಷ್ಮವಾದ ಲೋಮನಾಳಗಳನ್ನು ಕಂಡು ಆ ಕೊರತೆಯನ್ನು ತುಂಬಿದನು. 1669ರಲ್ಲಿ ರೇಷ್ಮೆಹುಳುವಿನ ಅಂಗರಚನೆಯನ್ನು ಕುರಿತ ಆತನ ಗ್ರಂಥವನ್ನು ಲಂಡನ್ನಿನ ರಾಯಲ್ ಸೊಸೈಟಿಯು ಪ್ರಕಟಿಸಿತು. ಜೀವಶಾಸ್ತ್ರದ ಪಠ್ಯದಲ್ಲಿ ಜಿರಲೆಯ ಚಿತ್ರವನ್ನು ಬರೆದವರೆಲ್ಲರೂ ‘ಮಾಲ್ಪೀಗಿಯನ್ ನಾಳ’ ಎಂಬ ಹೆಸರನ್ನು ಬಲ್ಲರು. ಅದು ಈತನ ಹೆಸರೇ.

ಆ ಕಾಲದಲ್ಲಿ ಕೊಳೆತ ಮಾಂಸದಿಂದ ಹುಳು ತಾನಾಗಿ ಹುಟ್ಟುವುದೆಂಬ ನಂಬಿಕೆ ಬಲವಾಗಿತ್ತು. 1668ರಲ್ಲಿ ಫ್ರಾಂಚೆಸ್ಕೊ ರೆಡಿಯು ಪ್ರಯೋಗದಿಂದ ಅದನ್ನು ಅಲ್ಲಗಳೆದನು. ಆದರೆ ಗಂಟಿನೊಳಗಣ ಹುಳುವಿನ ಮುಂದೆ ರೆಡಿಯೂ ಎಡವಿದನು. ಗಿಡದ ಜೀವಶಕ್ತಿಯೇ ಅದನ್ನು ಹೆರುವುದೆಂದು ಬಗೆದನು. ಮಾಲ್ಪೀಗಿಯು ವಾದಕ್ಕಿಳಿಯಲಿಲ್ಲ, ಗಂಟುಗಳನ್ನು ಕೊಯ್ದು ನೋಡಿದನು. ಓಕ್ ಮರದ ಮೊಗ್ಗಿನ ಮೇಲೆ ಕುಳಿತು ಮೊಟ್ಟೆಯಿಡುತ್ತಿದ್ದ ಕೀಟವನ್ನೇ ಕಣ್ಣಾರೆ ಕಂಡನು. ತಾಯಿಕೀಟವು ಮೊಟ್ಟೆಯೊಡನೆ ಸುರಿಸುವ ರಸದಿಂದ ಗಿಡದ ಭಾಗವು ಊದಿಕೊಳ್ಳುವುದೆಂದು 1679ರಲ್ಲಿ ಪ್ರಕಟವಾದ ಸಸ್ಯರಚನಾಗ್ರಂಥದ ಎರಡನೆಯ ಭಾಗದಲ್ಲಿ ವಿವರಿಸಿದನು.

ಈ ಊಹೆಯು ಎಲ್ಲ ಗಂಟುಗಳಿಗೂ ಸಲ್ಲುವುದಿಲ್ಲ. ಓಕ್ ಮರದ ಗಂಟುಕಣಜಗಳಲ್ಲಿ ಗಂಟನ್ನು ಬೆಳೆಸುವುದು ಮುಖ್ಯವಾಗಿ ಮರಿಹುಳುವೇ. ಆದರೆ ನಮ್ಮ ಘಟ್ಟದ ಹೊಳೆಯಂಚಿನ ನೀರಂಜಿಗೆ ಬಂಧುವಾದ, ಶೀತದೇಶಗಳ ವಿಲೋ ಗಿಡದ ವಿಷಯದಲ್ಲಿ ಅದು ಅಕ್ಷರಶಃ ನಿಜ. ಅಲ್ಲಿ ಗರಗಸನೊಣವು ತನ್ನ ಗರಗಸದಂತಹ ಅಂಗದಿಂದ ಎಳೆಯ ಎಲೆಯನ್ನು ಸೀಳಿ, ಮೊಟ್ಟೆಯನ್ನೂ ರಸವನ್ನೂ ಇಡುತ್ತದೆ. ಮರಿ ಹೊರಬರುವ ಮೊದಲೇ ಗಂಟು ಬೆಳೆಯತೊಡಗುತ್ತದೆ. ಮೊಟ್ಟೆಯನ್ನು ಕೊಂದರೂ ಗಂಟು ಮೂಡುವುದೆಂದು ಹಾಲೆಂಡಿನ ಬೈಯರಿಂಕ್ 1888ರಲ್ಲಿ ತೋರಿಸಿಕೊಟ್ಟನು. ಎರಡು ಶತಮಾನಗಳ ಬಳಿಕ ಮಾಲ್ಪೀಗಿಯ ಮಾತಿಗೆ ಸಾಕ್ಷಿ ದೊರೆಯಿತು.

ಗಂಟಿನ ಒಡೆಯನಾರೆಂದು ತಿಳಿಯಲು ಆತನ ದಾರಿಯೇ ಇಂದಿಗೂ ದಾರಿ: ಗಂಟನ್ನು ಸೀಳಿ ನೋಡಬೇಕು. ಒಳಗೆ ಕಾಲಿಲ್ಲದ ಹುಳುವಿದ್ದರೆ ಅದು ಕಣೆನೊಣದ್ದೋ ಕಣಜದ್ದೋ ಇರಬಹುದು. ಎದೆಯಲ್ಲಿ ಮೂರು ಜೊತೆ ಕಾಲು, ಹೊಟ್ಟೆಯಲ್ಲಿ ಐದು ಜೊತೆಗಿಂತ ಹೆಚ್ಚು ಮಿಥ್ಯಾಪಾದ, ಸುತ್ತಲೂ ಹಿಕ್ಕೆ ಇದ್ದರೆ ಅದು ಗರಗಸನೊಣದ ಮರಿ. ಚಿಟ್ಟೆಯ ಕಂಬಳಿಹುಳುವಿಗೆ ಮಿಥ್ಯಾಪಾದಗಳು ಐದು ಜೊತೆಯನ್ನು ಮೀರುವುದಿಲ್ಲ.

ಇಂತಹ ಸಾಧಕನಿಗೆ ಸ್ವಂತ ಊರಿನಲ್ಲಿ ವಿರೋಧಿಗಳು ಕಡಮೆಯಿರಲಿಲ್ಲ. 1684ರಲ್ಲಿ ಆತನ ಮನೆಗೆ ಬೆಂಕಿ ಬಿದ್ದು ಸೂಕ್ಷ್ಮದರ್ಶಕಗಳೂ ಹಸ್ತಪ್ರತಿಗಳೂ ನಾಶವಾದವು. ಆದರೂ ಆತನು ಕೆಲಸವನ್ನು ಬಿಡಲಿಲ್ಲ. 1691ರಲ್ಲಿ ಪೋಪರ ವೈದ್ಯನಾಗಿ ರೋಮಿಗೆ ತೆರಳಿ, 1694ರ ನವೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡನು.

ಪಂಡಿತರೆಲ್ಲರೂ ಒಪ್ಪಿದ ಮಾತನ್ನೂ ಒಮ್ಮೆ ಸೀಳಿ ನೋಡುವ ಧೈರ್ಯ, ನೋಡಿದ್ದನ್ನಷ್ಟೇ ಹೇಳುವ ಸಂಯಮ, ಇವೆರಡೇ ಆತನು ನಮಗೆ ಬಿಟ್ಟುಹೋದ ಆಸ್ತಿ. ವಿದ್ಯಾರ್ಥಿಗಳಾದ ನಮಗೆ ಇದಕ್ಕಿಂತ ದೊಡ್ಡ ಪಾಠ ಬೇರೊಂದು ಬೇಕೆ?