ಲೇ ಬಿಟ್ಟ ಮೇಲೆ 20 ಗಂಟೆ

ಅಮೆಲಿಯಾ ಇಯರ್‌ಹಾರ್ಟ್ ಹುಟ್ಟಿದ್ದು 1897ರಲ್ಲಿ, ಅಮೆರಿಕದ ಕಾನ್ಸಾಸ್‌ನಲ್ಲಿ. 1932ರಲ್ಲಿ ಒಬ್ಬರೇ ಅಟ್ಲಾಂಟಿಕ್ ದಾಟಿದರು, ಸುಮಾರು 15 ಗಂಟೆ. ಹೊರಟಿದ್ದು ಪ್ಯಾರಿಸ್‌ಗೆ, ಇಳಿದಿದ್ದು ಉತ್ತರ ಐರ್ಲೆಂಡಿನ ಹುಲ್ಲುಗಾವಲಿನಲ್ಲಿ! ಯುರೋಪಿನ ಕಡೆ ದಾರಿ ತಪ್ಪಿದ್ರೂ ಎಲ್ಲೋ ಒಂದು ಕಡೆ ನೆಲ ಸಿಗುತ್ತೆ.

1937ರಲ್ಲಿ ನ್ಯಾವಿಗೇಟರ್ ಫ್ರೆಡ್ ನೂನನ್ ಜೊತೆ ಭೂಮಿ ಸುತ್ತಲು ಹೊರಟರು. ಕರಾಚಿ, ಕಲ್ಕತ್ತಾ ಹಾದು ನ್ಯೂಗಿನಿಯ ಲೇ ತಲುಪಿದರು. ಮುಂದಿನ ನಿಲ್ದಾಣ ಪೆಸಿಫಿಕ್ ನಡುವಿನ ಹೌಲ್ಯಾಂಡ್ ದ್ವೀಪ. ದೂರ ಸುಮಾರು 4,100 ಕಿ.ಮೀ., ದ್ವೀಪದ ಉದ್ದ ಎರಡೂವರೆ ಕಿ.ಮೀ. ಕೂಡ ಇಲ್ಲ. ಅಂದಾಜು 18 ಗಂಟೆಯ ಹಾರಾಟ. ದೂರವನ್ನು ವೇಗದಿಂದ ಭಾಗಿಸಿದ್ರೆ ಆಯ್ತಲ್ಲ ಅಂತೀರಾ? ಎದುರುಗಾಳಿ ಬೀಸಿದ್ರೆ ನೆಲದ ಲೆಕ್ಕದಲ್ಲಿ ವೇಗ ಇಳಿಯುತ್ತೆ, ಇಂಜಿನ್ ಮಾತ್ರ ಪೆಟ್ರೋಲ್ ಕುಡೀತಾನೇ ಇರುತ್ತೆ. ದಿಕ್ಕು ಒಂದೇ ಡಿಗ್ರಿ ತಪ್ಪಿದ್ರೂ ಅಷ್ಟು ದೂರಕ್ಕೆ 70 ಕಿ.ಮೀ. ಆಚೆ ಹೋಗಿರ್ತೀವಿ.

ಜುಲೈ 2ರ ಬೆಳಿಗ್ಗೆ 10ಕ್ಕೆ ಲೇ ಬಿಟ್ಟರು. ಹೌಲ್ಯಾಂಡ್ ಬಳಿ ಕಾಯುತ್ತಿದ್ದ ಇಟಾಸ್ಕಾ ಹಡಗಿನ ರೇಡಿಯೋದಲ್ಲಿ ಅವರ ದನಿ ಜೋರಾಗೇ ಕೇಳಿಸಿತು, ಅಂದ್ರೆ ಹತ್ತಿರದಲ್ಲೇ ಇದ್ದಿರಬೇಕು. ಹಡಗಿನವರು ಆಡಿದ ಮಾತು ಮಾತ್ರ ಅವರಿಗೆ ಮುಟ್ಟಲಿಲ್ಲ. ಹೊರಟು 20 ಗಂಟೆ ಕಳೆದ ಮೇಲೆ ಕೊನೆಯ ಸಂದೇಶ ಬಂತು. ದ್ವೀಪದಲ್ಲಿ ರನ್‌ವೇ ಸಿದ್ಧವಾಗಿತ್ತು. ವಿಮಾನ ಬರಲೇ ಇಲ್ಲ.