ಸೌಟು ಹಿಡಿದು ಪ್ರಾರ್ಥಿಸಿದ ಬ್ರದರ್ ಲಾರೆನ್ಸ್

ಮೂರನೇ ಸೆಮಿಸ್ಟರ್‌ನಲ್ಲಿ ಎರಡು ಪೇಪರ್ ಬ್ಯಾಕ್ ಆದಾಗ ನಾನು ಮೊದಲು ಬಿಟ್ಟಿದ್ದು ಬೆಳಗಿನ ಪ್ರಾರ್ಥನೆಯನ್ನು. ಹಾಸ್ಟೆಲ್‌ನಲ್ಲಿ ಕಣ್ಣು ಮುಚ್ಚಿದರೆ ನಿದ್ದೆ ಬರುತ್ತಿತ್ತು, ಇಲ್ಲವೇ ಮ್ಯಾಥ್ಸ್ ನೆನಪಾಗುತ್ತಿತ್ತು. ದಿನಾ ಪ್ರಾರ್ಥನೆ ಮಾಡುತ್ತೀಯಾ ಎಂದು ಅಮ್ಮ ಫೋನ್‌ನಲ್ಲಿ ಕೇಳಿದರೆ ಹೂಂ ಅಂದುಬಿಡುತ್ತಿದ್ದೆ. ಅದು ಸುಳ್ಳು. ಅಂಥ ದಿನಗಳಲ್ಲೇ ಅಮ್ಮ ಬ್ಯಾಗಿಗೆ ಹಾಕಿ ಕಳಿಸಿದ್ದ ತೆಳುವಾದ ಪುಸ್ತಕವೊಂದನ್ನು ಬಿಡಿಸಿದೆ. ಸುಮಾರು 350 ವರ್ಷಗಳ ಹಿಂದೆ ಪ್ಯಾರಿಸ್‌ನ ಮಠವೊಂದರಲ್ಲಿ ಅಡುಗೆ ಮಾಡುತ್ತಿದ್ದ ಬ್ರದರ್ ಲಾರೆನ್ಸ್ ಅವರ ಪುಸ್ತಕ. ಪವಾಡಗಳಿರುತ್ತವೆ ಅಂದುಕೊಂಡಿದ್ದೆ. ಇದ್ದದ್ದು ಪಾತ್ರೆ, ಒಲೆ ಮತ್ತು ಬೇಜಾರು!

ಅವರ ಮೊದಲ ಹೆಸರು ನಿಕೋಲಾಸ್ ಹರ್ಮನ್. ಹುಟ್ಟಿದ್ದು 1614ರ ಆಸುಪಾಸಿನಲ್ಲಿ, ಈಗ ಫ್ರಾನ್ಸ್‌ಗೆ ಸೇರಿರುವ ಲೊರೇನ್ ಪ್ರಾಂತ್ಯದ ಬಡ ಕುಟುಂಬದಲ್ಲಿ. 18ನೇ ವಯಸ್ಸಿನಲ್ಲಿ ಒಂದು ಚಳಿಗಾಲ ಎಲೆ ಉದುರಿ ಬೋಳಾಗಿದ್ದ ಮರವನ್ನು ನೋಡುತ್ತಾ ನಿಂತರಂತೆ. ಇದೇ ಮರ ಮತ್ತೆ ಚಿಗುರುತ್ತದೆ, ಹೂ ಹಣ್ಣು ಬಿಡುತ್ತದೆ ಎಂಬ ಯೋಚನೆ ಅವರಲ್ಲಿ ದೇವರ ಬಗ್ಗೆ ಆಳವಾದ ವಿಶ್ವಾಸ ಹುಟ್ಟಿಸಿತು. ಹಾಗಂತ ಮರುದಿನವೇ ಮಠ ಸೇರಲಿಲ್ಲ. ಮೂವತ್ತು ವರ್ಷಗಳ ಯುದ್ಧದಲ್ಲಿ ಸೈನಿಕರಾಗಿ ಕಾದಾಡಿ ಗಾಯಗೊಂಡರು, ಜೀವನವಿಡೀ ಕುಂಟಿದರು. ಆಮೇಲೆ ಶ್ರೀಮಂತರೊಬ್ಬರ ಮನೆಯಲ್ಲಿ ಆಳು. ಮುಟ್ಟಿದ್ದನ್ನೆಲ್ಲ ಒಡೆಯುವ ಆಳು ತಾನು ಎಂದು ಅವರೇ ಹೇಳಿಕೊಂಡಿದ್ದಾರೆ. 1640ರಲ್ಲಿ ಪ್ಯಾರಿಸ್‌ನ ಕಾರ್ಮೆಲೈಟ್ ಮಠ ಸೇರಿದರು. ಹೆಚ್ಚು ಓದಿರಲಿಲ್ಲ, ಹಾಗಾಗಿ ಪಾದ್ರಿಯಾಗಲಿಲ್ಲ, ಸಿಕ್ಕಿದ್ದು ಅಡುಗೆಮನೆ. ಅವರಿಗೆ ಸ್ವಭಾವತಃ ಹಿಡಿಸದ ಕೆಲಸವೇ ಅದು. ಅದರಲ್ಲೇ 15 ವರ್ಷ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಸಂಗತಿ. ಮಠದಲ್ಲಿ ಪ್ರಾರ್ಥನೆಗೆ ನಿಗದಿತ ಸಮಯವಿತ್ತು. ಆರಂಭದ ದಿನಗಳಲ್ಲಿ ಆ ಹೊತ್ತೆಲ್ಲ ಎಲ್ಲೆಲ್ಲೋ ಓಡುವ ಮನಸ್ಸನ್ನು ಎಳೆದು ತರುವುದರಲ್ಲೇ ಕಳೆಯುತ್ತಿತ್ತು. ತಂದ ಕೂಡಲೇ ಅದು ಮತ್ತೆ ಓಡುತ್ತಿತ್ತು. ಥೇಟ್ ನನ್ನ ಹಾಗೆ. ಜೊತೆಗೆ, ದೇವರು ತನ್ನನ್ನು ಕೈಬಿಟ್ಟಿದ್ದಾನೆಂಬ ಭಯ. ಒಂದೆರಡು ತಿಂಗಳಲ್ಲ, ಹತ್ತು ವರ್ಷ ಅವರು ಹೀಗೆ ಒದ್ದಾಡಿದರು. ಕೊನೆಗೆ, ಸಾಯುವ ತನಕ ಇದೇ ಸ್ಥಿತಿ ಇದ್ದರೂ ಸರಿ, ದೇವರನ್ನು ಪ್ರೀತಿಸುವುದನ್ನು ಬಿಡಲಾರೆ ಎಂದು ನಿರ್ಧರಿಸಿದರು. ವಿಚಿತ್ರವೆಂದರೆ, ಶಾಂತಿ ಸಿಕ್ಕಿದ್ದು ಆಮೇಲೆ.

ಅವರ ಅಭ್ಯಾಸ ಬಹಳ ಸರಳ. ಕೆಲಸಕ್ಕೆ ಮುಂಚೆ ದೇವರ ಸಹಾಯ ಕೇಳುವುದು, ಕೆಲಸದ ನಡುವೆ ಪಕ್ಕದಲ್ಲಿರುವವರ ಜೊತೆ ಮಾತಾಡಿದಂತೆ ಎರಡು ಮಾತು, ಮುಗಿದ ಮೇಲೆ ಚೆನ್ನಾಗಿ ಆಗಿದ್ದರೆ ವಂದನೆ. ಕೆಟ್ಟಿದ್ದರೆ ಕ್ಷಮೆ ಕೇಳಿ, ಕೊರಗುತ್ತಾ ಕೂರದೆ ಮುಂದಿನ ಕೆಲಸ. ಒಮ್ಮೆ ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಬರ್ಗಂಡಿಗೆ ಕಳಿಸಿದರು. ವ್ಯಾಪಾರ ಬಾರದು, ಕಾಲು ಬೇರೆ ಸರಿಯಿಲ್ಲ. ದೋಣಿಯಲ್ಲಿ ಪೀಪಾಯಿಗಳ ಮೇಲೆ ಹೊರಳಿಕೊಂಡೇ ಓಡಾಡಿದರು. ಇದು ನಿನ್ನದೇ ಕೆಲಸ ಎಂದು ದೇವರಿಗೆ ಹೇಳಿ ಹೋಗಿದ್ದರಂತೆ. ಕೆಲಸ ಚೆನ್ನಾಗಿಯೇ ಆಯಿತು. ಹೀಗೆ ರೂಢಿಯಾಗಿ, ಕೊನೆಕೊನೆಗೆ ಪ್ರಾರ್ಥನೆಯ ಸಮಯ, ಅಡುಗೆಯ ಗದ್ದಲ ಎಂಬ ಭೇದವೇ ಅವರಿಗೆ ಉಳಿಯಲಿಲ್ಲ.

ಕಾಲಿನ ಹುಣ್ಣು ಹೆಚ್ಚಾದಾಗ ಒಲೆಯಿಂದ ಚಪ್ಪಲಿ ಹೊಲಿಯುವ ಕೆಲಸಕ್ಕೆ ಬಂದರು. 1691ರ ಫೆಬ್ರವರಿ 12ರಂದು ತೀರಿಕೊಂಡರು. ಸ್ವತಃ ಯಾವ ಪುಸ್ತಕವನ್ನೂ ಪ್ರಕಟಿಸಿದವರಲ್ಲ. 1666ರಿಂದ ಅವರ ಜೊತೆ ಮಾತುಕತೆ ನಡೆಸಿದ್ದ ಜೋಸೆಫ್ ದ ಬೋಫೋರ್ ಎಂಬ ಪಾದ್ರಿ ಆ ಮಾತುಗಳನ್ನೂ ಪತ್ರಗಳನ್ನೂ ಸೇರಿಸಿ ಪ್ರಕಟಿಸಿದ್ದರಿಂದ ನಮಗೆ ದಕ್ಕಿದವು.

ಬ್ಯಾಕ್ ಪೇಪರ್‌ಗಳು ಇನ್ನೂ ಹಾಗೇ ಇವೆ. ಬೆಳಿಗ್ಗೆ ಐದು ನಿಮಿಷ ಕೂರುತ್ತಿದ್ದೇನೆ. ನಿನ್ನೆ ಮಧ್ಯದಲ್ಲಿ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಬಂತು (ಆತನೂ ಫ್ರಾನ್ಸ್‌ನವನೇ ಬಿಡಿ). ಬಯ್ದುಕೊಳ್ಳದೆ ವಾಪಸ್ ಬಂದೆ, ಮತ್ತೆ ಹೋದೆ, ಮತ್ತೆ ಬಂದೆ. ರಾತ್ರಿ ಅಮ್ಮ ಕೇಳಿದಾಗ, ಇದನ್ನೆಲ್ಲ ಹಾಗೇ ಹೇಳಿದೆ.